ಅಮ್ಮನ ಚಿಕಿತ್ಸೆಯ ಹದಿನೈದು ತಿಂಗಳು: ಸಕಲೇಶಪುರದಿಂದ ಕಿದ್ವಾಯಿಗೆ ಓಡಾಡಿದ ಅನುಭವ

ಹೋದ ವಾರ ಅಮ್ಮನನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಿ ಬಂದೆ. ಇನ್ನು ಮೂರು ತಿಂಗಳು ಬರಬೇಕಾಗಿಲ್ಲ ಎಂದು ವೈದ್ಯರು ಹೇಳಿದರು. 2024ರ ಮಾರ್ಚ್‌ನಿಂದ ನನ್ನ ಕೈಚೀಲ ಬಿಟ್ಟು ಕದಲದ ಇನ್ನೂರು ಪುಟದ ನೋಟ್‌ಬುಕ್ಕನ್ನು ಆ ರಾತ್ರಿ ಮೊದಲ ಪುಟದಿಂದ ಓದುತ್ತಾ ಹೋದೆ. ನಾವು ಪಟ್ಟ ಪಾಡಿನಲ್ಲಿ ಅರ್ಧದಷ್ಟು ಕಾಯಿಲೆಯದು, ಉಳಿದರ್ಧ ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಬಂದದ್ದು ಎನಿಸಿತು. ಮೊದಲನೆಯದನ್ನು ನಾನು ಯಾರಿಗೂ ತಪ್ಪಿಸಲಾರೆ. ಎರಡನೆಯದು ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ದಾರಿ ಹಿಡಿಯುವ ಒಬ್ಬರಿಗಾದರೂ ಕಡಿಮೆಯಾಗಲಿ ಎಂದು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಹಾಸನದ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಔಷಧಿಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯ ಮಾತು.

ಅಮ್ಮನಿಗೆ ಆಗ ಅರವತ್ತೊಂದು ವರ್ಷ. ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಣ್ಣ ಅತ್ತಿಗೆಯೊಂದಿಗೆ ಇರುತ್ತಾಳೆ. ಎರಡು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಒಂದು ಹಸು. ಮಲದಲ್ಲಿ ರಕ್ತ ಹೋಗುತ್ತಿದೆ ಎಂಬುದನ್ನು ಅವಳು ಅತ್ತಿಗೆಯ ಬಳಿ ಬಾಯಿ ಬಿಡುವ ಹೊತ್ತಿಗೆ ಐದಾರು ತಿಂಗಳು ಕಳೆದಿದ್ದವು. ಮೂಲವ್ಯಾಧಿ ಎಂದು ತಾನೇ ತೀರ್ಮಾನಿಸಿಕೊಂಡು ಯಾರೋ ಕೊಟ್ಟ ಬೇರಿನ ಔಷಧಿ ಕುಡಿದಿದ್ದಳು. ಆಮೇಲೆ ತೋರಿಸಿದ ಕ್ಲಿನಿಕ್ಕಿನಲ್ಲಿಯೂ ಪರೀಕ್ಷೆ ಮಾಡದೆ ಮುಲಾಮು ಬರೆದುಕೊಟ್ಟು ಕಳುಹಿಸಿದ್ದರು. ಗುದದ್ವಾರದೊಳಗೆ ಬೆರಳಿಟ್ಟು ನೋಡುವ ಪರೀಕ್ಷೆಗೆ ಎರಡು ನಿಮಿಷ ಸಾಕು. ಹಾಸನದ ಶಸ್ತ್ರಚಿಕಿತ್ಸಕರು ಅದನ್ನು ಮಾಡಿದ ಕೂಡಲೇ ಅವರ ಮುಖ ಗಂಭೀರವಾದದ್ದನ್ನು ನಾನು ಕಂಡೆ. ನಿಮ್ಮ ಮನೆಯ ಹಿರಿಯರಿಗೆ ರಕ್ತ ಹೋಗುತ್ತಿದ್ದರೆ, ಮಲವಿಸರ್ಜನೆಯ ಕ್ರಮ ಬದಲಾಗಿದ್ದರೆ, ಊಟ ಮಾಡುತ್ತಿದ್ದರೂ ತೂಕ ಇಳಿಯುತ್ತಿದ್ದರೆ, ಈ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ. ನಾಚಿಕೆಯಿಂದ ನಾವು ಕಳೆದುಕೊಂಡ ಆರು ತಿಂಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿ ಆಯಿತು. ಗುದನಾಳದಲ್ಲಿ ಸಿಕ್ಕ ಗಡ್ಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳುಹಿಸಿದರು. ವರದಿಗಾಗಿ ಎಂಟು ದಿನ ಕಾದೆವು. ಶಾಲೆ ಮುಗಿಸಿಕೊಂಡು ಒಬ್ಬಳೇ ಲ್ಯಾಬಿಗೆ ಹೋಗಿ ಲಕೋಟೆ ತೆಗೆದುಕೊಂಡೆ. ವೈದ್ಯರ ಬಳಿಯೇ ತೆರೆಯಬೇಕೆಂದುಕೊಂಡಿದ್ದರೂ ತಡೆಯಲಾರದೆ ಮೆಟ್ಟಿಲ ಮೇಲೆಯೇ ಒಡೆದು ನೋಡಿದೆ. ಕ್ಯಾನ್ಸರ್ ಎಂದು ಹೇಳುವ ‘ಅಡಿನೋಕಾರ್ಸಿನೋಮ’ ಎಂಬ ಒಂದು ಪದ ಬಿಟ್ಟು ಬೇರೇನೂ ಕಣ್ಣಿಗೆ ಬೀಳಲಿಲ್ಲ. ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ, ಅಣ್ಣನಿಗೆ ಫೋನ್ ಮಾಡಿದೆ. ಅಮ್ಮನಿಗೆ ಮಾತ್ರ ‘ಒಂದು ಗಡ್ಡೆ ಇದೆ, ಬೆಂಗಳೂರಿನಲ್ಲಿ ತೆಗೆಸಬೇಕು’ ಎಂದಷ್ಟೇ ಹೇಳುವುದೆಂದು ಮೂವರೂ ಸೇರಿ ನಿರ್ಧರಿಸಿದೆವು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೇ ಒಂದು ವಾರ ತಿಂದಿತು. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು 170, ಬೆಂಗಳೂರು 185. ಮೂರು ಕಡೆಯೂ ಕ್ಯಾನ್ಸರ್ ಚಿಕಿತ್ಸೆ ಇದೆ, ಮೂರು ಕಡೆಗೂ ಹೋಗಿಬಂದ ನೆಂಟರಿದ್ದಾರೆ, ಒಬ್ಬೊಬ್ಬರದು ಒಂದೊಂದು ಸಲಹೆ. ಕೊನೆಗೆ ಹಣದ ಲೆಕ್ಕ ಹಾಕಿ ಕಿದ್ವಾಯಿಯನ್ನು ಆರಿಸಿಕೊಂಡೆವು. 1973ರಲ್ಲಿ ಆರಂಭವಾದ, ರಾಜ್ಯ ಸರ್ಕಾರದ ಅಧೀನದಲ್ಲಿರುವ ಸ್ವಾಯತ್ತ ಸಂಸ್ಥೆ ಅದು. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ಮೂರೂ ಒಂದೇ ಆವರಣದಲ್ಲಿ ಸಿಗುತ್ತವೆ ಎಂಬುದು ನಮಗೆ ಮುಖ್ಯವಾಯಿತು.

ಇಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ವಿಷಯ ಹೇಳಲೇಬೇಕು. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸುವವರು, ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ತರಬೇಕು. ನಾವು ಹೋಗುತ್ತಿದ್ದದ್ದು ಸರ್ಕಾರಿ ಸಂಸ್ಥೆಗೇ ಆದರೂ, ಮುಂದೆ ಎಲ್ಲಿಗೆ ಹೋಗಬೇಕಾದೀತೋ ಎಂದು ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಪತ್ರ ಬರೆಸಿಕೊಂಡೆ. ಒಂದು ಬೆಳಗಿನ ಕೆಲಸ ಅದು, ಮಾಡಿಸಿಟ್ಟುಕೊಳ್ಳಿ.

ನಮ್ಮ ಬಳಿ ಬಿಪಿಎಲ್ ಕಾರ್ಡ್ ಇತ್ತು, ಅಮ್ಮನೇ ಅದರಲ್ಲಿ ಮನೆಯ ಯಜಮಾನಿ. ಎಲ್ಲವೂ ಸರಿಯಿದೆ ಎಂದುಕೊಂಡು ಗ್ರಾಮ ಒನ್ ಕೇಂದ್ರಕ್ಕೆ ಆಯುಷ್ಮಾನ್ ಕಾರ್ಡ್ ಮಾಡಿಸಲು ಹೋದರೆ, ಪಡಿತರ ಚೀಟಿಯಲ್ಲಿ ಅಮ್ಮನ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ. ಮನೆಯಲ್ಲಿ ಕರೆಯುವ ಹೆಸರನ್ನು ಯಾವ ಕಾಲದಲ್ಲೋ ಯಾರೋ ಬರೆಸಿದ್ದರು. ಹುಟ್ಟಿದ ವರ್ಷವೂ ಎರಡರಲ್ಲಿ ಬೇರೆ ಬೇರೆ. ಆಧಾರ್‌ಗೆ ಜೋಡಿಸಿದ್ದ ಫೋನ್ ನಂಬರ್, ತೀರಿಕೊಂಡ ನಮ್ಮ ಅಪ್ಪನದು. ಇದಿಷ್ಟನ್ನು ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು. ಗಡ್ಡೆ ಬೆಳೆಯುತ್ತಿದೆ ಎಂದು ಗೊತ್ತಿದ್ದೂ ಒಂದು ಅಕ್ಷರದ ತಿದ್ದುಪಡಿಗಾಗಿ ಬೆಂಚಿನ ಮೇಲೆ ಕಾಯುವ ಸಂಕಟ ಹೇಳತೀರದು. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಈ ಹೊತ್ತಿನಲ್ಲಿಯೇ ಎರಡೂ ಕಾರ್ಡ್‌ಗಳನ್ನು ಎದುರುಬದುರು ಇಟ್ಟು ಹೆಸರು, ವರ್ಷ, ಫೋನ್ ನಂಬರ್ ತಾಳೆ ನೋಡಿ. ಯೋಜನೆಯ ಬಗ್ಗೆ ಅನುಮಾನವಿದ್ದರೆ 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ ಕೇಳಬಹುದು. ಯೋಜನೆಯಡಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮೊದಲು ಅವರನ್ನು ಹುಡುಕಿ.

ಇನ್ನೊಂದು ತಪ್ಪು ನನ್ನದೇ. ಬಯಾಪ್ಸಿಯ ವರದಿ ಇದ್ದರೆ ಸಾಕು ಎಂದುಕೊಂಡು ಬೆಂಗಳೂರಿಗೆ ಹೋದೆ. ದೊಡ್ಡ ಆಸ್ಪತ್ರೆಗಳಲ್ಲಿ ತಮ್ಮ ತಜ್ಞರೇ ಮತ್ತೊಮ್ಮೆ ನೋಡುತ್ತಾರೆ, ಅದಕ್ಕೆ ಗಡ್ಡೆಯ ಚೂರು ಇರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಬೇಕು. ಅವೆರಡೂ ಹಾಸನದ ಲ್ಯಾಬಿನಲ್ಲಿಯೇ ಉಳಿದಿದ್ದವು. ಅಣ್ಣ ಸಕಲೇಶಪುರದಿಂದ ಹಾಸನಕ್ಕೆ ಬಂದು, ಪುಟ್ಟ ಡಬ್ಬಿಯಲ್ಲಿ ಹತ್ತಿಯಿಟ್ಟು ಕಟ್ಟಿಸಿಕೊಂಡು, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ತಂದುಕೊಟ್ಟ. ವರದಿ ಪಡೆಯುವ ದಿನವೇ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಿರಿ. ಸ್ಕ್ಯಾನಿನ ಫಿಲ್ಮ್ ಮಾತ್ರವಲ್ಲ, ಸಿಡಿಯನ್ನೂ ಕೇಳಿ.

ಕಿದ್ವಾಯಿಯ ಮೊದಲ ದಿನ. ನಸುಕಿಗೇ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು ಹಿಡಿದು ಡೇರಿ ವೃತ್ತದ ಬಳಿಗೆ ಹೋಗಿ, ನೋಂದಣಿ ಸಾಲಿನಲ್ಲಿ ನಿಂತೆವು. ಬೀದರ್‌ನಿಂದ ಬಂದವರಿದ್ದರು, ಆಂಧ್ರದ ಗಡಿಯಿಂದ ಬಂದವರಿದ್ದರು. ಹೆಂಗಸರಾದ ನಮ್ಮಿಬ್ಬರಿಗೂ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿತು. ಹದಿನೈದು ತಿಂಗಳಲ್ಲಿ ಅದು ಉಳಿಸಿದ ಹಣ ಸಣ್ಣದಲ್ಲ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ ಅದು ಅನ್ವಯ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು.

ಸಾಲಿನಲ್ಲಿ ನಿಂತಿದ್ದಾಗ ಅಮ್ಮ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: “ಕಿದ್ವಾಯಿ ಅಂದ್ರೆ ಏನೂಂತ ನಂಗೆ ಗೊತ್ತಿಲ್ವಾ ಮಗ? ನಿಮ್ಮ ಸೋದರತ್ತೇನ ಇಲ್ಲಿಗೇ ಅಲ್ವಾ ಕರ್ಕೊಂಡ್ ಬಂದಿದ್ದು.” ಇಪ್ಪತ್ತು ದಿನ ನಾವು ಮೂವರು ಕಟ್ಟಿ ನಿಲ್ಲಿಸಿದ್ದ ಸುಳ್ಳು ಅಲ್ಲಿಗೆ ಮುಗಿಯಿತು. ಅವಳು ಎಲ್ಲವನ್ನೂ ಬಲ್ಲವಳಾಗಿ, ನಮಗೆ ನೋವಾಗದಿರಲೆಂದು ಸುಮ್ಮನಿದ್ದಳು. ಆ ದಿನದಿಂದ ವೈದ್ಯರ ಕೋಣೆಗೆ ಅಮ್ಮನನ್ನು ಬಿಟ್ಟು ನಾವು ಹೋಗಲಿಲ್ಲ. ಮೊದಲೇ ಹೇಳಿದ್ದರೆ ಆ ಇಪ್ಪತ್ತು ರಾತ್ರಿ ಅವಳು ಒಬ್ಬಳೇ ಭಯಪಡಬೇಕಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರತಿ ಮನೆಯ ರೀತಿ ಬೇರೆ ಎಂಬುದನ್ನು ಬಲ್ಲೆನಾದರೂ ಹೇಳುತ್ತಿದ್ದೇನೆ.

ಎಂಆರ್‌ಐ, ಸಿಟಿ ಸ್ಕ್ಯಾನ್, ಸಿಇಎ ಎಂಬ ರಕ್ತಪರೀಕ್ಷೆ ಎಲ್ಲ ಆದ ಮೇಲೆ ಚಿಕಿತ್ಸೆಯ ಕ್ರಮ ಗೊತ್ತಾಯಿತು. ಮೊದಲು ರೇಡಿಯೇಷನ್ ಮತ್ತು ಅದರ ಜೊತೆ ಕ್ಯಾಪೆಸಿಟಾಬಿನ್ ಎಂಬ ಕ್ಯಾನ್ಸರ್ ಮಾತ್ರೆ. ಎರಡು ತಿಂಗಳ ವಿರಾಮದ ನಂತರ ಶಸ್ತ್ರಚಿಕಿತ್ಸೆ. ಕೊನೆಗೆ ಕೀಮೋ. ನಮ್ಮ ಕಡೆಯವರು ‘ಕರೆಂಟು ಕೊಡುವುದು’ ಎನ್ನುವ ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಇಪ್ಪತ್ತೆಂಟು ಸಲ. ಒಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಐದೂವರೆ ವಾರ ಬೆಂಗಳೂರಿನಲ್ಲಿ ಇರಬೇಕು. ಆಸ್ಪತ್ರೆಯಲ್ಲಿ ದಾಖಲಾಗುವಂತಿಲ್ಲ, ಊರಿಗೆ ಹೋಗಿ ಬರುವಂತಿಲ್ಲ. ಚಿಕಿತ್ಸೆ ಉಚಿತವಾದರೂ ಇರುವುದೆಲ್ಲಿ, ಉಣ್ಣುವುದೇನು ಎಂಬುದು ದೊಡ್ಡ ಪ್ರಶ್ನೆಯಾಗುತ್ತದೆ ಎಂದು ನಾವು ಊಹಿಸಿಯೇ ಇರಲಿಲ್ಲ.

ಮೊದಲ ಆರು ದಿನ ಹತ್ತಿರದ ಲಾಡ್ಜಿನಲ್ಲಿ ದಿನಕ್ಕೆ ಎಂಟುನೂರು ರೂಪಾಯಿ ಕೊಟ್ಟು ಇದ್ದೆವು. ಏಳನೆಯ ದಿನ, ಪಕ್ಕದಲ್ಲಿ ಕುಳಿತಿದ್ದ ಕೊಪ್ಪದ ಹೆಂಗಸೊಬ್ಬರು “ನೀವು ಸೋಷಿಯಲ್ ವರ್ಕರ್‌ನ ನೋಡಿಲ್ವಾ?” ಎಂದು ಕೇಳಿದರು. ಅಂಥ ಒಬ್ಬರು ಆಸ್ಪತ್ರೆಯಲ್ಲಿ ಇರುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ಹೋಗಿ ಕಂಡೆ. ಅವರು ನಮ್ಮ ಕಡತ ನೋಡಿ, ಊರು ಕೇಳಿ, ಯಾರು ಯಾರು ಮನೆಯಲ್ಲಿದ್ದಾರೆ, ನನ್ನ ಸಂಬಳವೆಷ್ಟು ಎಂದೆಲ್ಲ ವಿಚಾರಿಸಿ, ಧರ್ಮಶಾಲೆಗೆ ಚೀಟಿ ಬರೆದುಕೊಟ್ಟರು. ರೋಗಿ ಮತ್ತು ಜೊತೆಗೆ ಒಬ್ಬರು. ಖಾಲಿಯಾಗಲು ಎರಡು ದಿನ ಕಾಯಬೇಕಾಯಿತು, ಆಮೇಲೆ ಚಿಕಿತ್ಸೆ ಮುಗಿಯುವವರೆಗೂ ಅಲ್ಲಿಯೇ ಇದ್ದೆವು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೋಂದಣಿಯಾದ ದಿನವೇ ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕೇಳಿಕೊಂಡು ಹೋಗಿ ಕಾಣಿ. ವಾಸ, ಊಟ, ಧನಸಹಾಯದ ಅರ್ಜಿ, ರೈಲಿನ ರಿಯಾಯಿತಿ, ಮನಸ್ಸಿನ ಸಂಕಟ ಎಲ್ಲಕ್ಕೂ ದಾರಿ ಅವರಿಗೆ ಗೊತ್ತು. ನಮ್ಮ ಕಷ್ಟವನ್ನು ಅವರಾಗಿಯೇ ಊಹಿಸಿ ಬರಲಾರರು, ನಾವೇ ಬಾಯಿ ಬಿಟ್ಟು ಹೇಳಬೇಕು.

ರೇಡಿಯೇಷನ್‌ಗೆ ಹೊಟ್ಟೆಯ ಮೇಲೆ ಶಾಯಿಯಿಂದ ಗುರುತು ಹಾಕುತ್ತಾರೆ, ಅದನ್ನು ಉಜ್ಜಿ ತೊಳೆಯಬಾರದು. ಪ್ರತಿ ಸಲವೂ ಅವರು ಹೇಳಿದಷ್ಟು ನೀರು ಕುಡಿದು ಮೂತ್ರ ಕಟ್ಟಿಕೊಂಡು ಕಾಯಬೇಕು. ಸರದಿ ತಡವಾದಾಗ ಅಮ್ಮನಿಗೆ ಇದೇ ದೊಡ್ಡ ಹಿಂಸೆ. ಮೂರನೆಯ ವಾರದಿಂದ ಭೇದಿ ಶುರುವಾಯಿತು, ಕೂರುವ ಜಾಗದ ಚರ್ಮ ಸುಟ್ಟಂತಾಯಿತು. ಮನೆಮದ್ದು ಏನನ್ನೂ ಹಚ್ಚದೆ ಅಲ್ಲಿ ಕೊಟ್ಟದ್ದನ್ನೇ ಹಚ್ಚಿದೆವು. ಧರ್ಮಶಾಲೆಯಲ್ಲಿ ಸಂಜೆಯಾದರೆ ಎಲ್ಲರೂ ಹೊರಗೆ ಕುಳಿತು ಮಾತಾಡುತ್ತಿದ್ದರು. ನಾನು ಪಡೆದ ತಿಳಿವಳಿಕೆಯಲ್ಲಿ ಬಹುಪಾಲು ಅಲ್ಲಿಯದೇ. ಎಪಿಎಲ್ ಕಾರ್ಡ್ ಇದ್ದ ಒಬ್ಬರು ಉಳಿದ ಖರ್ಚಿಗಾಗಿ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿದ್ದರು. ಆಸ್ಪತ್ರೆಯ ಅಂದಾಜು ಪಟ್ಟಿ, ಮೂಲ ಬಿಲ್ಲುಗಳು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಶಾಸಕರ ಶಿಫಾರಸು ಪತ್ರ ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಟ್ಟುಕೊಂಡಿದ್ದರು. ಬಿಲ್ಲನ್ನು ಯಾರಿಗೆ ಕೊಟ್ಟರೂ ಮೊದಲು ಜೆರಾಕ್ಸ್ ತೆಗೆಸಿಕೊಳ್ಳಿ ಎಂದು ಅವರೇ ಹೇಳಿಕೊಟ್ಟರು. ಇನ್ನೊಬ್ಬ ಹುಡುಗನ ತಂದೆಗೆ ಇನ್ನು ಚಿಕಿತ್ಸೆಯಿಲ್ಲ ಎಂದಾಗಿತ್ತು. ಅವರನ್ನು ಮಾರತ್ತಹಳ್ಳಿ ಬಳಿಯ ಕರುಣಾಶ್ರಯಕ್ಕೆ ಕರೆದೊಯ್ದರು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ನೋವು ನಿವಾರಿಸಿ ನೋಡಿಕೊಳ್ಳುವ ಆ ಸಂಸ್ಥೆ ಯಾರಿಂದಲೂ ಶುಲ್ಕ ಪಡೆಯುವುದಿಲ್ಲ. ಎರಡು ವಾರದ ನಂತರ ಆ ಹುಡುಗ ಸಿಕ್ಕಿದಾಗ, “ಅಪ್ಪ ಈಗ ರಾತ್ರಿ ನಿದ್ದೆ ಮಾಡ್ತಾರೆ ಅಕ್ಕ” ಎಂದ. ನೋವಿನಿಂದ ಚೀರುವವರಿಗೆ ಮಾರ್ಫಿನ್ ಕೊಡಿಸಲು ಹೆದರಬೇಡಿ, ಉಪಶಾಮಕ ಚಿಕಿತ್ಸೆಯ ವಿಭಾಗ ಎಲ್ಲಿದೆ ಎಂದು ಕೇಳಿ.

ಶಾಲೆಯಲ್ಲಿ ನನಗೆ ಒಂದು ತಿಂಗಳು ರಜೆ ಸಿಕ್ಕಿತು, ಉಳಿದದ್ದು ಸಂಬಳವಿಲ್ಲದ ರಜೆ. ನಮ್ಮ ಒಟ್ಟು ಖರ್ಚಿನಲ್ಲಿ ಇದೇ ದೊಡ್ಡದು, ಯಾವ ಯೋಜನೆಯೂ ಇದನ್ನು ತುಂಬಿಕೊಡುವುದಿಲ್ಲ. ಜುಲೈನಲ್ಲಿ ಅಣ್ಣನಿಗೂ ನನಗೂ ಮಾತು ಬೆಳೆಯಿತು. “ತೋಟ ಬಿಟ್ಟು ಬರಕ್ಕಾಗಲ್ಲ” ಎಂದು ಅವನು, “ನನ್ನ ಮನೆ ನಡೆಯುವುದು ಹೇಗೆ” ಎಂದು ನಾನು. ಅತ್ತಿಗೆಯೇ ನಡುವೆ ಬಂದು ಒಂದು ಹಾಳೆಯ ಮೇಲೆ ಬರೆದಳು: ಬೆಂಗಳೂರಿಗೆ ನಾನು, ಊರಿನಲ್ಲಿರುವಾಗ ಅವಳು, ಕಾಗದಪತ್ರ ಮತ್ತು ಹಣ ಅಣ್ಣ, ನನ್ನ ಮಕ್ಕಳ ಜವಾಬ್ದಾರಿ ಯಜಮಾನರದು. ಆ ಹಾಳೆ ಇನ್ನೂ ನೋಟ್‌ಬುಕ್ಕಿನಲ್ಲಿದೆ. ಮೊದಲ ತಿಂಗಳಲ್ಲಿಯೇ ಕುಳಿತು ಬರೆದುಕೊಂಡಿದ್ದರೆ ಆ ಜಗಳ ಆಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ. ಗಡ್ಡೆಯಿದ್ದ ಭಾಗವನ್ನು ತೆಗೆದು ಕರುಳನ್ನು ಮತ್ತೆ ಜೋಡಿಸಿದರು. ಆ ಜೋಡಣೆ ವಾಸಿಯಾಗುವವರೆಗೆ ಮಲ ಆ ದಾರಿಯಲ್ಲಿ ಹೋಗದಿರಲೆಂದು ಸಣ್ಣ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಮೇಲೆ ತೆರೆದಿಟ್ಟು ಚೀಲ ಅಂಟಿಸಿದರು. ಇದಕ್ಕೆ ಸ್ಟೋಮಾ ಎನ್ನುತ್ತಾರೆ. ಮೊದಲೇ ವಿವರಿಸಿ ಸಹಿ ಪಡೆದಿದ್ದರೂ ಕಣ್ಣಿಂದ ಕಂಡಾಗ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಎರಡು ದಿನ ಮಾತಾಡಲಿಲ್ಲ. “ಈ ಹೇಲಿನ ಚೀಲ ಕಟ್ಕೊಂಡು ನಾಲ್ಕು ಜನದ ಮುಂದೆ ಹೆಂಗೆ ಹೋಗ್ಲಿ” ಎಂದದ್ದು ಮೂರನೆಯ ದಿನ.

ಆಗ ನಮಗೆ ಒದಗಿದವರು ತಪಾಸಣೆಗೆಂದು ಬಂದಿದ್ದ ಅರಸೀಕೆರೆ ಕಡೆಯ ಒಬ್ಬ ಅಕ್ಕ. ನರ್ಸ್ ಅವರನ್ನು ನಮ್ಮ ಹಾಸಿಗೆಯ ಬಳಿ ಕರೆತಂದರು. ಅವರು ಸೀರೆಯ ನೆರಿಗೆಯನ್ನು ಸ್ವಲ್ಪ ಸರಿಸಿ, ನಾಲ್ಕು ವರ್ಷದಿಂದ ಹಾಕಿಕೊಳ್ಳುತ್ತಿರುವ ತಮ್ಮ ಚೀಲವನ್ನು ತೋರಿಸಿದರು. ಸೀರೆ ಇಳಿಬಿಟ್ಟರೆ ಅಲ್ಲೇನೂ ಕಾಣುತ್ತಿರಲಿಲ್ಲ. “ಮುಟ್ಟಿ ನೋಡಿ ಅಕ್ಕ, ನೋವಾಗಲ್ಲ” ಎಂದು ಅಮ್ಮನ ಬೆರಳು ಹಿಡಿದು ಅವಳದೇ ಸ್ಟೋಮಾವನ್ನು ಮುಟ್ಟಿಸಿದರು. ಒಳದುಟಿಯಂತೆ ಕೆಂಪಗೆ, ಒದ್ದೆಯಾಗಿ ಇರುತ್ತದೆ ಅದು. ಮುಟ್ಟಿದರೆ ನಿಜಕ್ಕೂ ನೋಯುವುದಿಲ್ಲ. ಆಮೇಲೆ ನನಗೆ ಕೆಲಸ ಕಲಿಸಿದರು. ಬೆಳಿಗ್ಗೆ ಏನನ್ನೂ ತಿನ್ನುವ ಮೊದಲೇ ಬದಲಾಯಿಸಬೇಕು, ಆಗ ಹರಿಯುವುದು ಕಡಿಮೆ. ಚೀಲ ಕೂರಿಸಲು ಚರ್ಮಕ್ಕೆ ಅಂಟಿಸುವ ಪ್ಲೇಟಿನ ತೂತನ್ನು ಸ್ಟೋಮಾದ ಅಳತೆಗಿಂತ ಒಂದು ಅಕ್ಕಿಕಾಳಿನ ದಪ್ಪದಷ್ಟು ಮಾತ್ರ ದೊಡ್ಡದಾಗಿ ಕತ್ತರಿಸಬೇಕು; ಹೆಚ್ಚಾದರೆ ಆ ದ್ರವ ತಾಗಿ ಚರ್ಮ ಸುಡುತ್ತದೆ. ಚರ್ಮವನ್ನು ಬರೀ ನೀರಿನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಪ್ಲೇಟನ್ನು ಎರಡು ಅಂಗೈಗಳ ನಡುವೆ ಒಂದು ನಿಮಿಷ ಬೆಚ್ಚಗೆ ಹಿಡಿದು ಅಂಟಿಸಿದರೆ ಚೆನ್ನಾಗಿ ಕೂರುತ್ತದೆ. ಚೀಲ ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಬೇಕು. ಮೊದಲ ಎರಡು ತಿಂಗಳು ಸ್ಟೋಮಾ ಕುಗ್ಗುತ್ತಾ ಹೋಗುವುದರಿಂದ ವಾರಕ್ಕೊಮ್ಮೆ ಹೊಸದಾಗಿ ಅಳೆಯಬೇಕು. ಮಲೆನಾಡಿನವರಿಗೆ ಅವರು ಒತ್ತಿ ಹೇಳಿದ ಮಾತು ಬೇರೆ: ಕಳಲೆ, ಅಣಬೆ, ಹಲಸು, ತೆಂಗಿನಕಾಯಿಯ ಚೂರು ಇವೆಲ್ಲ ಸಣ್ಣ ಕರುಳಿನ ಸ್ಟೋಮಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಬೇಡವೇ ಬೇಡ.

ಎಷ್ಟೋ ತಜ್ಞರು ಹೇಳಿದ್ದಕ್ಕಿಂತ ಆ ಇಪ್ಪತ್ತು ನಿಮಿಷ ಅಮ್ಮನನ್ನು ಎಬ್ಬಿಸಿ ಕೂರಿಸಿತು. ಅದೇ ಕಾಯಿಲೆ ದಾಟಿದ ಒಬ್ಬರನ್ನು ಭೇಟಿ ಮಾಡಿಸಿ ಎಂದು ನರ್ಸ್‌ಗಳನ್ನು ಕೇಳಿ. ಕೇಳಿದರೆ ಮಾಡಿಸುತ್ತಾರೆ.

ಊರಿಗೆ ಬಂದ ಮೇಲೆ ಚೀಲಗಳ ತೊಂದರೆ ಶುರುವಾಯಿತು. ಸಕಲೇಶಪುರದಲ್ಲಿ ನಾನು ವಿಚಾರಿಸಿದ ಕಡೆಯಲ್ಲೆಲ್ಲೂ ಇರಲಿಲ್ಲ. ಹಾಸನದಲ್ಲಿ ಒಂದು ಅಂಗಡಿಯವರು ತರಿಸಿಕೊಡಲು ನಾಲ್ಕು ದಿನ ಕೇಳಿದರು, ಬಂದದ್ದು ಬೇರೆ ಅಳತೆಯದು. ಪ್ಲೇಟು ಒಂದು ಕಂಪನಿಯದು, ಚೀಲ ಇನ್ನೊಂದು ಕಂಪನಿಯದಾದರೆ ಕೂಡುವುದಿಲ್ಲ ಎಂಬುದು ಹಣ ಕೊಟ್ಟ ಮೇಲೆ ಗೊತ್ತಾಯಿತು. ಡಿಸ್ಚಾರ್ಜ್ ಆಗುವ ದಿನವೇ ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರು, ಅಳತೆ, ಸಂಖ್ಯೆಯ ಫೋಟೊ ತೆಗೆದುಕೊಂಡು, ಒಂದು ತಿಂಗಳಿಗಾಗುವಷ್ಟನ್ನು ಬೆಂಗಳೂರಿನಲ್ಲಿಯೇ ಕೊಂಡು ತನ್ನಿ. 2024ರಲ್ಲಿ ನಮಗೆ ಪ್ಲೇಟು, ಚೀಲ, ಪುಡಿ ಎಲ್ಲ ಸೇರಿ ತಿಂಗಳಿಗೆ ಸುಮಾರು ಎರಡೂವರೆ ಸಾವಿರ ರೂಪಾಯಿ ಆಗುತ್ತಿತ್ತು. ಗೃಹಲಕ್ಷ್ಮಿಯಿಂದ ಅಮ್ಮನ ಖಾತೆಗೆ ಬರುತ್ತಿದ್ದ 2000 ರೂಪಾಯಿಯನ್ನು ಇದಕ್ಕೆಂದೇ ತೆಗೆದಿಟ್ಟೆವು. ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದೇನೆ ಎಂಬುದು ಅಮ್ಮನಿಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಅವಳ ಮುಖವೇ ಹೇಳುತ್ತಿತ್ತು.

ಸೆಪ್ಟೆಂಬರ್ ಕೊನೆಯಿಂದ ಕೀಮೋ. ಇಪ್ಪತ್ತೊಂದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯ ಡ್ರಿಪ್ ಹಾಕಿಸಿಕೊಂಡು ಬರುವುದು, ನಂತರ ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ಅದೇ ಕ್ಯಾಪೆಸಿಟಾಬಿನ್ ಮಾತ್ರೆ. ಹೀಗೆ ಆರು ಸಲ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಘಟಕಗಳು ಆರಂಭವಾಗಿವೆ. ನಮ್ಮ ಕಾಲಕ್ಕೆ ಅದು ಒದಗಲಿಲ್ಲ. ನೀವು ಈಗ ಹೊರಡುವವರಾದರೆ, ನಿಮ್ಮ ಔಷಧಿಯನ್ನು ಹತ್ತಿರದ ಜಿಲ್ಲೆಯಲ್ಲಿ ಕೊಡಲಾದೀತೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ತಣ್ಣನೆಯದನ್ನು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿಯುತ್ತದೆ. ವೈದ್ಯರು ‘ಐಸ್‌ಕ್ರೀಮ್, ಫ್ರಿಜ್ಜಿನ ನೀರು ಬೇಡ’ ಎಂದಿದ್ದರು. ನಮ್ಮೂರಿನಲ್ಲಿ ಡಿಸೆಂಬರ್ ತಿಂಗಳ ನಲ್ಲಿ ನೀರೇ ಫ್ರಿಜ್ಜಿನ ನೀರು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ಬೆಳಿಗ್ಗೆ ಅಮ್ಮ ಅಭ್ಯಾಸಬಲದಿಂದ ಹಿತ್ತಲಲ್ಲಿದ್ದ ತಾಮ್ರದ ಕೊಡ ಎತ್ತಲು ಹೋಗಿ ಚೀರಿದಳು. ಬೆರಳುಗಳು ಸೆಟೆದು ನಿಂತಿದ್ದವು. ಅಂದಿನಿಂದ ಬಚ್ಚಲುಮನೆಯ ಹಂಡೆಯ ಒಲೆ ಹಗಲಿಡೀ ಆರಲಿಲ್ಲ. ಅಮ್ಮನಿಗೆ ಉಣ್ಣೆಯ ಕೈಗವಸು ಹಾಕಿಸಿ, ಲೋಟ ತಟ್ಟೆಗಳನ್ನೂ ಬಿಸಿನೀರಿನಲ್ಲಿ ಅದ್ದಿ ಕೊಡುತ್ತಿದ್ದಳು ಅತ್ತಿಗೆ. ಕಾಫಿ ಕುಯ್ಲಿನ ಕಾಲ, ಮನೆ ತುಂಬ ಆಳುಗಳು. ಅಷ್ಟರ ನಡುವೆಯೂ ಅವಳು ಒಂದು ದಿನ ಮರೆಯಲಿಲ್ಲ.

ಮಾತ್ರೆಯಿಂದ ಇನ್ನೊಂದು ಅಡಚಣೆ ಬಂತು, ಯಾರೂ ನಿರೀಕ್ಷಿಸದ್ದು. ಕ್ಯಾಪೆಸಿಟಾಬಿನ್ ತೆಗೆದುಕೊಳ್ಳುವವರ ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಸುಲಿಯುತ್ತದೆ. ಜನವರಿಯಲ್ಲಿ ನ್ಯಾಯಬೆಲೆ ಅಂಗಡಿಗೆ ಇ-ಕೆವೈಸಿಗೆಂದು ಹೋದರೆ ಯಂತ್ರ ಅಮ್ಮನ ಹತ್ತು ಬೆರಳಲ್ಲಿ ಒಂದನ್ನೂ ಗುರುತಿಸಲಿಲ್ಲ. ಬೆರಳ ತುದಿ ಗಾಜಿನಂತೆ ನುಣುಪಾಗಿತ್ತು, ಗೆರೆಗಳೇ ಅಳಿಸಿಹೋಗಿದ್ದವು. ಈ ಮಾತ್ರೆಯಿಂದ ಹೀಗಾಗುವುದುಂಟು ಎಂದು ವೈದ್ಯರು ಚೀಟಿ ಬರೆದುಕೊಟ್ಟರು. ಆಧಾರ್‌ಗೆ ನನ್ನ ಅಣ್ಣನ ಫೋನ್ ನಂಬರ್ ಜೋಡಿಸಿದ್ದೆವಾದ್ದರಿಂದ ಒಟಿಪಿಯಿಂದ ಕೆಲಸ ನಡೆಯಿತು. ಹೆಬ್ಬೆಟ್ಟು ಕೊಡಬೇಕಾದ ಬ್ಯಾಂಕಿನ, ಪಿಂಚಣಿಯ, ಪಡಿತರದ ಎಲ್ಲ ಕೆಲಸವನ್ನೂ ಈ ಮಾತ್ರೆ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.

ನಾಲ್ಕನೆಯ ಕೀಮೋ ಆದ ವಾರ ಚೀಲಕ್ಕೆ ನೀರಿನಂತೆ ಹರಿಯತೊಡಗಿತು. ಎರಡನೆಯ ದಿನ ಅಮ್ಮ ಎದ್ದು ನಿಲ್ಲಲಾರದೆ ಕುಸಿದಳು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಸೋಡಿಯಂ ಬಹಳ ಇಳಿದಿತ್ತು, ಮೂರು ದಿನ ಡ್ರಿಪ್ ಹಾಕಿದರು. ತುರ್ತು ವಿಭಾಗದಲ್ಲಿ ನನ್ನ ನೋಟ್‌ಬುಕ್ಕು ಉಪಯೋಗಕ್ಕೆ ಬಂತು: ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಆದ ಚಿಕಿತ್ಸೆ, ಕೊನೆಯ ಕೀಮೋ ದಿನಾಂಕ, ಔಷಧಿಗಳು, ಕಿದ್ವಾಯಿಯ ನೋಂದಣಿ ಸಂಖ್ಯೆ. ಅದನ್ನು ಓದಿದ ಕೂಡಲೇ ಅಲ್ಲಿನ ವೈದ್ಯರಿಗೆ ದಾರಿ ಕಂಡಿತು. ಸ್ಟೋಮಾ ಇರುವವರ ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಸದಾ ಇರಲಿ, ಬರೀ ನೀರು ಕುಡಿಸಿದರೆ ಸಾಲದು. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಆ ಮೂರು ದಿನದ ನಂತರ ನಾನು ಕುಸಿದೆ. ಅಮ್ಮ ಮಲಗಿ ಉಸಿರಾಡುತ್ತಿದ್ದಾಳೆಯೇ ಎಂದು ರಾತ್ರಿ ನಾಲ್ಕು ಸಲ ಎದ್ದು ನೋಡುತ್ತಿದ್ದೆ. ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ಕಾರಣವಿಲ್ಲದೆ ಅತ್ತುಬಿಟ್ಟೆ. ಕಿದ್ವಾಯಿಯ ಗೋಡೆಯ ಮೇಲೆ ನೋಡಿ ಬರೆದುಕೊಂಡಿದ್ದ, ಮನಸ್ಸಿನ ಸಂಕಟ ಹೇಳಿಕೊಳ್ಳುವ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ನೆನಪಾಗಿ, ಒಂದು ರಾತ್ರಿ ಹನ್ನೊಂದರ ಮೇಲೆ ಕರೆ ಮಾಡಿದೆ. ಉಚಿತ ಕರೆ, ಕನ್ನಡದಲ್ಲಿಯೇ ಮಾತು. ಆ ಕಡೆಯಿದ್ದ ಹೆಣ್ಣುಮಗಳು ಮೊದಲು ಕೇಳಿದ್ದು, “ನೀವು ಇವತ್ತು ಊಟ ಮಾಡಿದ್ರಾ ಮೇಡಂ?” ಎಂದು. ಹತ್ತು ತಿಂಗಳಲ್ಲಿ ಎಲ್ಲರೂ ಅಮ್ಮನ ಊಟ ವಿಚಾರಿಸಿದ್ದರು. ನಾನು ಬಹಳ ಹೊತ್ತು ಮಾತಾಡಿದೆ. ವಾರಕ್ಕೊಂದು ದಿನ ಪೂರ್ತಿ ಅತ್ತಿಗೆಗೆ ಒಪ್ಪಿಸಿ ನಿದ್ದೆ ಮಾಡುವುದೆಂದು ಅಂದೇ ನಿಶ್ಚಯವಾಯಿತು.

ಹಣದ ಬಗ್ಗೆ ಇನ್ನೆರಡು ಮಾತು. ಒಮ್ಮೆ ಮಾತ್ರೆಯನ್ನು ಹೊರಗೆ ಕೊಳ್ಳಬೇಕಾಗಿ ಬಂದಾಗ ಮೂರು ಅಂಗಡಿಗಳಲ್ಲಿ ಕೇಳಿದೆ. ಅದೇ ಔಷಧಿ, ಅದೇ ಪ್ರಮಾಣ, ಕಂಪನಿಯಿಂದ ಕಂಪನಿಗೆ ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸವಿತ್ತು. ವೈದ್ಯರಿಂದ ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ವಿಚಾರಿಸಿ. ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ, ತಮ್ಮನ್ನು ಅವಲಂಬಿಸಿದ ತಂದೆತಾಯಿಯ ಕ್ಯಾನ್ಸರ್ ಚಿಕಿತ್ಸೆಗೆ ಕೈಯಿಂದ ಹಾಕಿದ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ (1961ರ ಕಾಯ್ದೆಯಲ್ಲಿ ಇದು 80ಡಿಡಿಬಿ ಕಲಂ): 40,000 ರೂಪಾಯಿವರೆಗೆ, ರೋಗಿ ಅರವತ್ತು ದಾಟಿದವರಾದರೆ ಒಂದು ಲಕ್ಷದವರೆಗೆ. ತಜ್ಞ ವೈದ್ಯರ ಚೀಟಿ ಜೋಪಾನವಾಗಿರಲಿ.

2025ರ ಏಪ್ರಿಲ್‌ನಲ್ಲಿ ಸ್ಟೋಮಾ ಮುಚ್ಚುವ ಶಸ್ತ್ರಚಿಕಿತ್ಸೆ ಆಯಿತು. ಉಳಿದಿದ್ದ ಚೀಲ, ಪ್ಲೇಟುಗಳನ್ನು ಅರಸೀಕೆರೆಯ ಅಕ್ಕನಿಗೆ ಕಳುಹಿಸಿದೆವು, ಬೇಕಾದವರಿಗೆ ಮುಟ್ಟಿಸುತ್ತಾರೆಂದು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆದರೆ ಗುದನಾಳದ ಭಾಗ ತೆಗೆದವರಿಗೆ ದಾರಿ ಮತ್ತೆ ತೆರೆದ ಮೇಲೆ ಮೊದಲ ತಿಂಗಳುಗಳು ಕಷ್ಟದವು. ಅಮ್ಮ ದಿನಕ್ಕೆ ಹತ್ತು ಹನ್ನೆರಡು ಸಲ ಹೋಗಬೇಕಾಗುತ್ತಿತ್ತು, ಬಂತೆಂದರೆ ತಡೆಯಲಾಗುತ್ತಿರಲಿಲ್ಲ. ಇದು ಕಾಯಿಲೆ ಮರುಕಳಿಸಿದ್ದಲ್ಲ, ಕರುಳು ಹೊಂದಿಕೊಳ್ಳಲು ಸಮಯ ಬೇಕು, ಕೆಲವರಿಗೆ ವರ್ಷವೂ ಹಿಡಿಯಬಹುದು ಎಂದು ವೈದ್ಯರು ಹೇಳುವವರೆಗೆ ನಾವು ಹೆದರಿ ಹೋಗಿದ್ದೆವು. ಮಾತ್ರೆ, ಊಟದ ಬದಲಾವಣೆ, ಗುದದ ಸ್ನಾಯುಗಳನ್ನು ಬಿಗಿಹಿಡಿಯುವ ವ್ಯಾಯಾಮದಿಂದ ಈಗ ಆರೇಳು ಸಲಕ್ಕೆ ಇಳಿದಿದೆ.

ಈ ಸ್ಥಿತಿಯಲ್ಲಿ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಿಸುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಹೋದ ವಾರ ಮೊದಲ ಬಾರಿಗೆ ರೈಲಿನಲ್ಲಿ ಹೋದೆವು, ಅದರಲ್ಲಿ ಶೌಚಾಲಯವಿದೆ ಎಂಬ ಒಂದೇ ಕಾರಣಕ್ಕೆ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ನೇರ ಮಾರ್ಗವಾದ ಮೇಲೆ ಹಾಸನದಿಂದ ಬೆಂಗಳೂರಿಗೆ ಸುಮಾರು ಮೂರು ಗಂಟೆ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಎರಡನೇ ದರ್ಜೆಯ ಸೀಟಿನಲ್ಲಿ ಶೇ 75 ರಿಯಾಯಿತಿ ಇದೆ. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಾರರಿಗೆ ಶೇ 75. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯವರ ಸಹಿ, ಮೊಹರು ಬೇಕು. ಸಮಾಜ ಕಾರ್ಯಕರ್ತರು ಆ ನಮೂನೆಯನ್ನು ನನಗೆ ಮೊದಲ ತಿಂಗಳಲ್ಲಿಯೇ ಕೊಟ್ಟಿದ್ದರು, ಬಸ್ಸು ಉಚಿತವಿರುವಾಗ ಇದೇಕೆ ಎಂದು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮಡಚಿಟ್ಟಿದ್ದೆ. ತಪಾಸಣೆಯ ದಿನ ಹೊಸದಾಗಿ ಇನ್ನೊಂದಕ್ಕೆ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಸೆಪ್ಟೆಂಬರ್‌ನಲ್ಲಿ ಹೋಗುವಾಗ ಬೇಕು.